ರೀಡಿಂಗ್

ತಂಬಾಕಿನ ಡಬ್ಬಿಯೊಳಗ ಹನ್ನೊಂದು ಪ್ಲಗ್ ಅವ.
ಒಂದೊಂದಕ್ಕೂ ಬಿಳಿ ಪಟ್ಟಿ ಸುತ್ತೀನಿ, ಪಟ್ಟಿ ಮ್ಯಾಲ
ಹಾಕಿದ ದಿನ, ತೆಗೆದ ದಿನ, ಓಡಿದ ಕಿಲೋಮೀಟರು.
ಮೂವತ್ತೊಂದು ವರ್ಷ ಮಂದಿ ಮನೀ ಕರೆಂಟಿನ ಮೀಟರ್ ಓದಿದವನ ಚಟ;
ಬರೀಲಿಲ್ಲಂದ್ರ ಗಾಡಿ ಓಡಿದಂಗೇ ಅನಸೂದಿಲ್ಲ.
"ಹಲ್ಲೇನ್ರಿ ಇವು, ಕಿತ್ತು ಕಿತ್ತು ಇಡ್ಲಿಕ್ಕಿ?" ಅಂತಾಳ ಇಂದುಬಾಯಿ.

ಎಂಬತ್ಮೂರರ ರಾಜದೂತ.
ಶಹಾಬಾದದಿಂದ ವಾಡಿ, ವಾಡಿಯಿಂದ ರಾವೂರ,
ಫರಸಿ ಗಣಿ ನಡುವಿನ ಹಾದಿ. ಕಲ್ಲು ಕೊಯ್ಯೋ ಧೂಳು
ನನ್ನ ಹುಬ್ಬಿನಾಗ ಎಷ್ಟೋ, ಏರ್ ಫಿಲ್ಟರಿನಾಗ ಅಷ್ಟೇ.

ಏಳನೇದು ನೋಡ್ರಿ:
ಚಹಾದಾಗ ಅದ್ದಿದ ಬಿಸ್ಕೀಟಿನ ಬಣ್ಣ, ಒಂಬತ್ತು ಸಾವಿರದ ನಾಕನೂರು.
ಆಗ ಮೋದಿನಸಾಬ್ ಇದ್ದ.
ಗ್ಯಾಪ್ ಅಳೀಲಿಕ್ಕಿ ಅವನ ಕಡಿ ಒಂದ್ ತುಂಡು ಹ್ಯಾಕ್ಸಾ ಬ್ಲೇಡು;
ಸಂದಿಯೊಳಗ ತೂರ್ಸಿ, ಕಣ್ಣು ಮುಚ್ಚಿ,
ಬಿಗಿ ಆತೋ ಸಡಿಲಾತೋ ಬೆರಳಿಗೇ ಕೇಳ್ತಿದ್ದ.

ಮೂರನೇದು ಕರ್ರಗ, ರೊಟ್ಟಿ ಹಂಚಿನ ತಳ.
ಎರಡು ಸಾವಿರಕ್ಕೇ ಸತ್ತಿತು.
ರಾವೂರ ಕ್ರಾಸಿನಾಗ ಬಾಟಲಿ ಪೆಟ್ರೋಲ್ ಮಾರಾಂವ
ರೇಶನ್ನಿನ ನೀಲಿ ಚಿಮಣಿ ಎಣ್ಣಿ ಬೆರಸ್ತಿದ್ದ.
ನನಗ ಗೊತ್ತಿತ್ತು. ಮೂಗೇನು ಸತ್ತಿರಲಿಲ್ಲ.
ಅವನ ಮನೀ ಮೀಟರಿನ ಸೀಲು ಒಡದಿತ್ತು, ನಾ ಬರೀಲಿಲ್ಲ;
ಅವ ನನಗ ಬಾಟಲಿಗಿ ಎರಡು ರೂಪಾಯಿ ಬಿಡ್ತಿದ್ದ.
ಪ್ಲಗ್ ಬರಕೊಂತು.

ಈಗ ಹನ್ನೊಂದನೇದು. ಸುಣ್ಣದಂಗ ಬೆಳ್ಳಗ.
ದಿಬ್ಬ ಹತ್ತೂ ಮುಂದ ಗಾಡಿ ಏದುಸಿರು ಬಿಡ್ತದ,
ಎಂಜಿನ್ನಿಗಿ ಕೈ ಹಚ್ಚಿದ್ರ ಜ್ವರ.
ಇಷ್ಟು ವರ್ಷ ಓದಿದಾಂವ ನಾ, ಈ ಅಕ್ಷರ ತಿಳೀಲಿಲ್ಲ.

ಸ್ಟೇಷನ್ ಹಿಂದಿನ ಗ್ಯಾರೇಜು ಈಗ ಮೋದಿನಸಾಬನ ಮಗಳದು.
ನಸ್ರೀನ್ ಪ್ಲಗ್ಗಿಗಿಂತ ಮೊದಲು ಟಾಕಿ ಮುಚ್ಚಳ ತೆಗದು ಮೂಸಿದ್ಲು.
ಗಾಜಿನ ಬಾಟಲಿಯಾಗ ನಾಕ್ ಬೆರಳು ನೀರು ಹಾಕಿ
ನೀರು ನಿಂತಲ್ಲಿ ಪೆನ್ನಿಲೆ ಗೆರಿ ಎಳದು
ನನ್ನ ಪೆಟ್ರೋಲ್ ಸುರುವಿ, ಕುಲುಕಿ, ಕಿಟಕಿ ಕಟ್ಟಿ ಮ್ಯಾಲ ಇಟ್ಟಳು.
"ಓದ್ರಿ ಕಾಕಾ, ನಿಮ್ದೇ ಕೆಲಸ."
ಕೆಳಗಿನ ನೀರು ಗೆರಿ ದಾಟಿ ಮ್ಯಾಲ ಬಂದಿತ್ತು,
ಹೆಚ್ಚು ಕಮ್ಮಿ ಅರ್ಧ ಬೆರಳು.
"ಎಥೆನಾಲ್. ನಿಮ್ ಗಾಡಿ ಕಬ್ಬಿನ ಹಾಲು ಕುಡೀಲಕತ್ತದ."

ನನಗ ಸಕ್ಕರಿ ಕಾಯಿಲೆ, ಡಾಕ್ಟರು ಕಬ್ಬಿನ ಅಂಗಡಿ ಮುಂದ
ನಿಂದ್ರಬ್ಯಾಡ ಅಂದಾರ.
ಬಂಕಿನಾಗ ನಾ ನಿಂತೇನಿ, ಅದು ಕುಡದದ.

"ತುಟ್ಟಿ ಪೆಟ್ರೋಲ್ ಹಾಕ್ಲೇನವಾ?"
"ಹಾಕ್ರಿ, ರೊಕ್ಕ ಹೆಚ್ಚಾಗಿದ್ರ. ಅದರಾಗೂ ಬೆರಸಿರ್ತಾರ.
ಇದಕ್ಕ ಹಸಿವಿ ಹೆಚ್ಚಾಗ್ಯಾದ ಅಷ್ಟೇ; ಜೆಟ್ ಒಂದ್ ನಂಬರ್ ದೊಡ್ಡದು ಹಾಕ್ತೀನಿ.
ಎಣ್ಣಿ ಕಮ್ಮಿ ಮಾಡಬ್ಯಾಡ್ರಿ.
ತಿಂಗಳಗಟ್ಟಲೆ ನಿಲ್ಸೂದಿದ್ರ ಟಾಕಿ ಖಾಲಿ ಮಾಡ್ರಿ,
ಇಲ್ಲಂದ್ರ ನೀರು ಕುಡದು ತಳಕ್ಕ ಕುಂದುರ್ತದ."
ಪೈಪು ಹಿಚುಕಿ ತೋರ್ಸಿದ್ಲು: ನೆನೆಸಿಟ್ಟ ಕಡ್ಲಿಯಂಗ ಉಬ್ಬಿತ್ತು.

ಹೊಸ ಪ್ಲಗ್ಗು, ಅದೇ ಹ್ಯಾಕ್ಸಾ ತುಂಡು.
ಕಣ್ಣು ಮಾತ್ರ ಅಕಿ ಮುಚ್ಚಲಿಲ್ಲ.

ಮನೀಗಿ ಬಂದು ಹನ್ನೊಂದಕ್ಕ ಪಟ್ಟಿ ಸುತ್ತಿ ಬರದೆ:
'ಬಿಳಿ. ಗಾಡೀ ತಪ್ಪಲ್ಲ.'
ಆಮ್ಯಾಲ ಯಾಕೋ ಮೂರನೇದು ಕೈಗಿ ಬಂತು.
ಅವನ ಮನೀ ಆರ್.ಆರ್. ನಂಬರು ಇನ್ನೂ ಬಾಯಾಗೇ ಅದ.
ಹಳೀ ಪಟ್ಟಿ ಹಳದಿ ಆಗ್ಯಾದ, ಪೆನ್ನು ಹತ್ತಲಿಲ್ಲ,
ನಾಲಿಗಿಗಿ ಹಚ್ಚಿ ಮತ್ತ ಒತ್ತಿ ಬರದೆ:
'ಸೀಲ್ ಇಲ್ಲ.'

"ಯಾರ ಲೆಕ್ಕರಿ ಅದು, ಇಷ್ಟೊತ್ತಿನಾಗ?"
ಒಳಗಿಂದ ಕೇಳಿದ್ಲು ಇಂದುಬಾಯಿ.
ಹಳೀ ಬಾಕಿ, ಅಂದೆ.

ಮುಂಜಾನಿ ಗಾಡಿ
ಮೂರನೇ ಕಿಕ್ಕಿಗಿ ಹತ್ತಿತು.